ಸಿ.ಟಿ. ಸ್ಕ್ಯಾನ್: ರೋಗಿಗಳು ಅರಿತಿರಬೇಕಾದ ಪೂರ್ವಸಿದ್ಧತೆ

ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ರಾತ್ರಿಯ ಬಸ್ಸು ಹಿಡಿದು ಬೆಳಗಿನ ಜಾವ ಸ್ವಾರಗೇಟದಲ್ಲಿ ಇಳಿಯುವವರಲ್ಲಿ, ಚಿಕಿತ್ಸೆಗೆಂದು ಪುಣೆಯ ಮಕ್ಕಳ ಮನೆಗೆ ಬರುವ ವೃದ್ಧ ತಂದೆತಾಯಿಗಳೂ ಇರುತ್ತಾರೆ. ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಲು ಹೇಳಿದೊಡನೆ ಹಿರಿಯರಿಗೆ ಯಂತ್ರದ ಭಯ, ಮಕ್ಕಳಿಗೆ ಖರ್ಚಿನ ಚಿಂತೆ. ಈ ಗಡಿಬಿಡಿಯಲ್ಲಿ ಹೇಳಲೇಬೇಕಾದ ಮಾತುಗಳು ಮರೆತುಹೋಗುತ್ತವೆ. ಈ ಪರೀಕ್ಷೆಗೆ ಉಪವಾಸಕ್ಕಿಂತಲೂ ಮುಖ್ಯವಾದ ಸಿದ್ಧತೆಯೆಂದರೆ ಏನನ್ನೂ ಮುಚ್ಚಿಡದೆ ತಿಳಿಸುವುದು.

ಪರೀಕ್ಷೆಯ ಸ್ವರೂಪ

ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡರು ರೂಪಿಸಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಕ್ಷ-ಕಿರಣಗಳನ್ನು ದೇಹದ ಸುತ್ತಲಿಂದ ಹಾಯಿಸಿ, ಗಣಕಯಂತ್ರದ ನೆರವಿನಿಂದ ಒಳಭಾಗವನ್ನು ಪದರುಪದರಾಗಿ ತೋರಿಸುವುದೇ ಇದರ ತತ್ವ. ಯಂತ್ರವು ದೊಡ್ಡ ಬಳೆಯಂತಿದ್ದು ಎರಡೂ ಕಡೆ ತೆರೆದಿರುತ್ತದೆ. ಚಿತ್ರ ತೆಗೆಯುವಾಗ ನೋವಾಗುವುದಿಲ್ಲ.

ತಿಳಿಸಬೇಕಾದ ಸಂಗತಿಗಳು

ಹಲವು ಸಲ ಚಿತ್ರ ಸ್ಪಷ್ಟವಾಗಲೆಂದು ಅಯೋಡಿನ್‌ಯುಕ್ತ ದ್ರವವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಇದು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಅವು ದುರ್ಬಲವಾಗಿದ್ದರೆ ಮೊದಲೇ ತಿಳಿಸಬೇಕು. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ವರದಿಯಿದ್ದರೆ ಒಯ್ಯಬೇಕು. ಹಿಂದೆ ಇಂತಹ ಚುಚ್ಚುಮದ್ದಿನಿಂದ ಮೈಮೇಲೆ ಗಂಧೆ ಎದ್ದಿದ್ದರೆ ಅಥವಾ ಉಸಿರು ಕಟ್ಟಿದ್ದರೆ ಅದನ್ನು ಅವಶ್ಯ ಹೇಳಬೇಕು. ಉಬ್ಬಸ, ಥೈರಾಯಿಡ್ ತೊಂದರೆ, ಗರ್ಭ ನಿಂತಿರುವ ಸಂದೇಹ ಇವನ್ನೂ ಸಂಕೋಚದಿಂದ ಮುಚ್ಚಿಡಬಾರದು.

ಆಹಾರ ಮತ್ತು ಔಷಧ

ಚುಚ್ಚುಮದ್ದಿದ್ದಲ್ಲಿ ಕೆಲವು ಗಂಟೆ ಊಟ ಬಿಡಲು ಅನೇಕ ಕೇಂದ್ರಗಳು ಹೇಳುತ್ತವೆ. ಎಷ್ಟು ಹೊತ್ತು, ನೀರು ಕುಡಿಯಬಹುದೇ ಎಂಬುದನ್ನು ಮುಂಚೆಯೇ ಕೇಳಿಕೊಳ್ಳಬೇಕು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ನೀರನ್ನೂ ಬಿಟ್ಟು ಕುಳಿತರೆ ನಿತ್ರಾಣರಾಗುವರು. ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮಧುಮೇಹಿಗಳು ಬೆಳಗಿನ ಮೊದಲ ಸರದಿ ಕೇಳುವುದು ಲೇಸು. ಉಪವಾಸವಿರುವಾಗ ಇನ್ಸುಲಿನ್ ಎಷ್ಟೆಂದು ವೈದ್ಯರೇ ಹೇಳಬೇಕು. ಮೂತ್ರಪಿಂಡ ತೀರ ಕ್ಷೀಣಿಸಿದವರಿಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಪರೀಕ್ಷೆಯ ನಂತರ 48 ಗಂಟೆ ನಿಲ್ಲಿಸಲು ಸೂಚಿಸುವುದುಂಟು. ಗುಳಿಗೆಗಳ ಹೆಸರು ನೆನಪಿಲ್ಲದವರು ಚೀಟಿಯನ್ನೇ ಒಯ್ಯಲಿ. ಅಪಘಾತ, ಪಾರ್ಶ್ವವಾಯುಗಳಂತಹ ತುರ್ತಿನಲ್ಲಿ ಉಪವಾಸಕ್ಕೆಂದು ಕಾಯುವಂತಿಲ್ಲ.

ಮಂಗಳಸೂತ್ರ ಮತ್ತು ಭಾಷೆ

ಪರೀಕ್ಷಿಸುವ ಭಾಗದಲ್ಲಿ ಲೋಹವಿದ್ದರೆ ಚಿತ್ರದಲ್ಲಿ ಗೆರೆಗಳು ಮೂಡಿ ರೋಗದ ಗುರುತು ಮರೆಯಾಗಬಹುದು. ಆದುದರಿಂದ ಓಲೆ, ಪಿನ್ನು, ಕಟ್ಟಿಸಿದ ಹಲ್ಲು ತೆಗೆದಿಡಬೇಕು. ಮಂಗಳಸೂತ್ರ ತೆಗೆಯಲು ತಾಯಂದಿರು ಹಿಂಜರಿಯುವುದು ಸಹಜ; ಮನೆಯಲ್ಲಿಯೇ ಕಾರಣ ತಿಳಿಸಿ, ಅಷ್ಟು ಹೊತ್ತು ಅರಿಷಿಣದ ದಾರ ಕಟ್ಟಿದರೆ ಅವರ ಮನಸ್ಸಿಗೆ ಸಮಾಧಾನ.

ಎದೆ, ಹೊಟ್ಟೆಗಳ ಚಿತ್ರ ತೆಗೆಯುವಾಗ ಉಸಿರು ಹಿಡಿಯಲು ಸೂಚನೆ ಬರುತ್ತದೆ. ಆ ಕೋಣೆಯೊಳಗೆ ರೋಗಿ ಒಬ್ಬರೇ ಇರುವರು. ಕನ್ನಡವಷ್ಟೇ ಬಲ್ಲ ಹಿರಿಯರಿಗೆ ‘ಶ್ವಾಸ ಘ್ಯಾ’ ಎಂದರೆ ಉಸಿರೆಳೆದುಕೊಳ್ಳಿ, ‘ರೋಖೂನ್ ಧರಾ’ ಎಂದರೆ ಹಿಡಿಯಿರಿ, ‘ಸೋಡಾ’ ಎಂದರೆ ಬಿಡಿ ಎಂದು ಹಿಂದಿನ ದಿನವೇ ರೂಢಿ ಮಾಡಿಸಬೇಕು. ಚುಚ್ಚುಮದ್ದು ಹೋಗುವಾಗ ಮೈ ಬಿಸಿಯಾಗಿ, ಮೂತ್ರ ಹೋದಂತೆ ಅನಿಸಬಹುದು. ಅದು ಕ್ಷಣಿಕವೆಂದೂ ಹೇಳಿರಬೇಕು. ತುರಿಕೆ ಎದ್ದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಕೂಗಿ ಹೇಳಬೇಕು.

ಪರೀಕ್ಷೆಯ ನಂತರ

ಬೇರೆ ನಿರ್ಬಂಧವಿಲ್ಲದಿದ್ದರೆ ಸಾಕಷ್ಟು ನೀರು ಕುಡಿಯಬೇಕು. ಸಾಮಾನ್ಯ ಎದೆಯ ಕ್ಷ-ಕಿರಣ ಚಿತ್ರಕ್ಕಿಂತ ಇದರಲ್ಲಿ ಕಿರಣದ ಪ್ರಮಾಣ ಬಹಳ ಹೆಚ್ಚು. ಆದುದರಿಂದ ಊರಿನಲ್ಲಿ ತೆಗೆಸಿದ ಹಳೆಯ ಫಿಲ್ಮು, ವರದಿಗಳನ್ನು ಚೀಲದಲ್ಲಿ ತರಲು ಮರೆಯಬಾರದು. ಅವನ್ನು ನೋಡಿದ ವೈದ್ಯರಿಗೆ ಮತ್ತೊಮ್ಮೆ ಸ್ಕ್ಯಾನ್ ಬೇಕಿಲ್ಲವೆನಿಸಲೂಬಹುದು.