ನೋವಿನ ಮನೆಬಾಗಿಲಿಗೆ: ಆರೈಕೆಯ ಟ್ರಸ್ಟ್ ನಡೆಸಿ ಕಲಿತದ್ದು

ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಟ್ರಸ್ಟ್. ಗುಣವಾಗದ ಕ್ಯಾನ್ಸರ್, ಪಾರ್ಶ್ವವಾಯು, ಕೈಕೊಟ್ಟ ಕಿಡ್ನಿ ಎಂದು ಆಸ್ಪತ್ರೆಯಿಂದ ವಾಪಸ್ ಕಳಿಸಿದವರ ಮನೆಗೆ ಹೋಗಿ ನೋಡಿಕೊಳ್ಳುತ್ತೇವೆ. ರೋಗಿಯ ಮನೆಯವರಿಂದ ಹಣ ಪಡೆಯುವುದಿಲ್ಲ. ನಮ್ಮೂರಲ್ಲೂ ಇಂಥದ್ದೊಂದು ಶುರುಮಾಡಬೇಕು ಎಂದು ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಮೊದಲು ಮನೆಭೇಟಿ, ಆಮೇಲೆ ಕಟ್ಟಡ

ಹಾಸ್ಪೈಸ್, ಅಂದರೆ ಕೊನೆಗಾಲದ ಆರೈಕೆಯ ಮನೆ, ಎಂದ ಕೂಡಲೇ ಎಲ್ಲರೂ ಜಾಗ ಹುಡುಕಲು ಹೊರಡುತ್ತಾರೆ. ಆದರೆ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದದ್ದು 1967ರಲ್ಲಿ. ಅದಕ್ಕೆ ಬಂದ ಮೊದಲ ಹಣ 500 ಪೌಂಡ್. 1948ರಲ್ಲಿ ಅವರ ಆರೈಕೆಯಲ್ಲಿದ್ದು ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬ ನಿರಾಶ್ರಿತ ಬಿಟ್ಟುಹೋದದ್ದು ಅದು. ನಡುವಿನ ಸುಮಾರು ಇಪ್ಪತ್ತು ವರ್ಷ ಆಕೆ ವೈದ್ಯಶಾಸ್ತ್ರ ಓದಿದರು, ನೋವು ಇಳಿಸುವ ವಿದ್ಯೆ ಕಲಿತರು, ಜೊತೆಗೆ ನಿಲ್ಲುವವರನ್ನು ಕೂಡಿಸಿದರು. ನಮ್ಮ ಬೆಂಗಳೂರಿನ ಹಾಸ್ಪೈಸ್ ಕರುಣಾಶ್ರಯದ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ, ಒಳರೋಗಿಗಳ ಕೇಂದ್ರ ತೆರೆದದ್ದು 1999ರಲ್ಲಿ. ಮನೆಗಳಿಗೆ ಹೋಗಿ ನೋಡುವ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಮನೆಯಲ್ಲಿ ಯಾರೂ ಇಲ್ಲದವರಿಗೆ, ನೋವು ಹತೋಟಿಗೆ ಬಾರದವರಿಗೆ ಹಾಸಿಗೆಗಳು ಬೇಕೇಬೇಕು, ನಿಜ. ಆದರೆ ಹೆಚ್ಚಿನವರು ತಮ್ಮ ಮನೆಯಲ್ಲೇ, ತಮ್ಮವರ ನಡುವೆಯೇ ಕಣ್ಣು ಮುಚ್ಚಬೇಕೆಂದು ಬಯಸುತ್ತಾರೆ. ಅವರಿಗೆ ಬೇಕಾದದ್ದು ಒಬ್ಬ ಒಳ್ಳೆಯ ಸಿಸ್ಟರ್, ಒಬ್ಬ ಡಾಕ್ಟರು, ಒಂದು ಗಾಡಿ.

2. ಸಂಬಳಕ್ಕೆ ಹಣ ಕೇಳಲು ನಾಚಬೇಡಿ

ಈ ಕೆಲಸದ ಅತಿ ದೊಡ್ಡ ಕಷ್ಟ ಇಲ್ಲೇ ಇದೆ. ಗಾಡಿ ಕೊಡುವವರು ಸಿಗುತ್ತಾರೆ, ಮಂಚ ಕೊಡುವವರು ಸಿಗುತ್ತಾರೆ, ಕೋಣೆಗೆ ತಂದೆಯ ಹೆಸರಿಡಿ ಎಂದು ಲಕ್ಷ ಕೊಡುವವರೂ ಸಿಗುತ್ತಾರೆ. ಸಿಸ್ಟರ್ ಸಂಬಳಕ್ಕೆ ಎಂದರೆ ಮಾತು ನಿಂತುಬಿಡುತ್ತದೆ. "ಸೇವೆ ಅಂತೀರಿ, ಸಂಬಳ ಯಾಕೆ?" ಎಂದು ಕೇಳಿದವರೂ ಇದ್ದಾರೆ.

ಅಂಥವರನ್ನು ನಾನು ಒಂದು ದಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ರೋಗಿಯ ಒಪ್ಪಿಗೆ ಕೇಳಿಯೇ ಒಳಗೆ ಕರೆಯುತ್ತೇನೆ, ಫೋಟೋ ತೆಗೆಯಲು ಬಿಡುವುದಿಲ್ಲ. ಒಮ್ಮೆ ಬಾಯಿ ಕ್ಯಾನ್ಸರಿನ ರೋಗಿಯೊಬ್ಬರ ಮನೆಗೆ ಹೋದೆವು. ಕೆನ್ನೆ ತೂತಾಗಿ ಹುಣ್ಣು ಕೊಳೆತಿತ್ತು. ವಾಸನೆಗೆ ಹೆದರಿ ಮೊಮ್ಮಕ್ಕಳು ಹೊಸ್ತಿಲು ದಾಟುತ್ತಿರಲಿಲ್ಲ, ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರು. ನಮ್ಮ ಸಿಸ್ಟರ್ ಉಪ್ಪುನೀರು ಕಾಯಿಸಿ ಆರಿಸಿ ಗಾಯ ತೊಳೆದರು. ಮೆಟ್ರೊನಿಡಜೋಲ್ ಮಾತ್ರೆಗಳನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿದರು, ಗಾಜ್ ಇಟ್ಟರು. ಮತ್ತೆ ಸೊಸೆಯ ಕೈಯಿಂದಲೇ ಒಂದು ಸಲ ಮಾಡಿಸಿ ನೋಡಿದರು. ಆ ಔಷಧಿಗೆ ತಗಲುವುದು ಚಿಲ್ಲರೆ ಕಾಸು. ಮುಂದಿನ ವಾರ ಹೋದಾಗ ವಾಸನೆ ಬಹಳ ಇಳಿದಿತ್ತು, ಕಿರಿಯ ಹುಡುಗ ತಾತನ ಮಂಚದ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದ. ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಎಲ್ಲಿ, ಹೇಗೆ, ಯಾವ ಕೈಯಿಂದ ಹಾಕಬೇಕೆಂದು ಬಲ್ಲವರಿಗೆ ಸಂಬಳ ಕೊಡಬೇಕು. ಆ ದಿನ ಜೊತೆಗೆ ಬಂದಿದ್ದ ವ್ಯಾಪಾರಸ್ಥರು ಅಂದಿನಿಂದ ವರ್ಷದಲ್ಲಿ ಒಂದು ತಿಂಗಳ ಸಂಬಳ ತಮ್ಮದು ಎಂದು ಕೊಡುತ್ತಿದ್ದಾರೆ.

3. ಹತ್ತು ಜನರ ಲಕ್ಷಕ್ಕಿಂತ ಸಾವಿರ ಜನರ ನೂರು

ಇದನ್ನು ಕೇರಳದವರಿಂದ ಕಲಿಯಬೇಕು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕಟ್ಟಿದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯಿಂದ ಹೊರಟ ಕೆಲಸ ಊರೂರಿನ ನೆರೆಹೊರೆಯ ಜಾಲವಾಯಿತು. ಊರಿನವರೇ ರೋಗಿಗಳನ್ನು ಗುರುತಿಸಿದರು, ಊರಿನವರೇ ಸಣ್ಣ ಸಣ್ಣ ಮೊತ್ತ ಕೂಡಿಸಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕಾಗಿಯೇ ಒಂದು ನೀತಿ ತಂದು ಪಂಚಾಯಿತಿಗಳನ್ನೂ ಜೊತೆಗೂಡಿಸಿತು.

ನಮ್ಮಲ್ಲಿ ಎಪಿಎಂಸಿ ಹಮಾಲರು, ಸ್ವಸಹಾಯ ಸಂಘದ ಹೆಂಗಸರು, ಹೈಸ್ಕೂಲಿನ ಮೇಷ್ಟ್ರುಗಳು ತಿಂಗಳಿಗಿಷ್ಟು ಎಂದು ಕೊಡುತ್ತಾರೆ. ಹಣಕ್ಕಿಂತ ಮುಖ್ಯವಾದದ್ದು ಇದರಿಂದ ಆಗುತ್ತದೆ: ಕೊಟ್ಟವರು ಕಣ್ಣು ತೆರೆದಿರುತ್ತಾರೆ. "ನಮ್ಮ ಬೀದಿಯ ಕೊನೇ ಮನೆ ಅಜ್ಜಿ ಎರಡು ದಿನದಿಂದ ನರಳ್ತಿದಾರೆ, ಬನ್ನಿ" ಎಂಬ ಫೋನು ಬರುವುದು ಇವರಿಂದಲೇ. ಪ್ರತಿ ರೂಪಾಯಿಗೂ ರಸೀದಿ ಕೊಡಿ. ವರ್ಷಕ್ಕೊಮ್ಮೆ ಜಮಾ ಖರ್ಚನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಅವರ ಕೈಗೇ ಮುಟ್ಟಿಸಿ.

4. ಕಂಪನಿ ಹಣ, ತೆರಿಗೆ ರಿಯಾಯಿತಿ

ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ವೆಚ್ಚ ಮಾಡಬೇಕು. ಆ ಹಣ ಪಡೆಯಲು ನೀವು ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅದನ್ನು ಉಪಕರಣಕ್ಕೆ, ತರಬೇತಿಗೆ ಬಳಸಿ. ಒಂದು ವರ್ಷಕ್ಕೆಂದು ಬರುವ ಹಣ ನಂಬಿ ಸಿಬ್ಬಂದಿ ಹೆಚ್ಚಿಸಿಕೊಳ್ಳಬೇಡಿ. ದಾನಿಗಳಿಗೆ ಸಿಗುವ ತೆರಿಗೆ ರಿಯಾಯಿತಿಯನ್ನೂ ಬಹಳ ನೆಚ್ಚಬೇಡಿ: 2000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗದು, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗದು.

5. ಮಾರ್ಫಿನ್ ಇಲ್ಲದೆ ಈ ಕೆಲಸ ಅರ್ಧ

ಕೈ ಹಿಡಿದು ಕೂರುವುದು ದೊಡ್ಡದೇ. ಆದರೆ ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಬರಿ ಸಾಂತ್ವನದಿಂದ ಇಳಿಯದು. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದ ಆ ನೋವು ಇಳಿಸುವ ಮಾರ್ಫಿನ್ ದಾಸ್ತಾನಿಗೆ ಹಲವು ಇಲಾಖೆಗಳ ಲೈಸೆನ್ಸ್ ಬೇಕಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಅದನ್ನು ಇಟ್ಟುಕೊಂಡು ಕೊಡಬಹುದು. ತರಬೇತಿ ಪಡೆದ ಡಾಕ್ಟರೊಬ್ಬರು ಹೊಣೆ ಹೊರಬೇಕು, ದಾಸ್ತಾನು ಪುಸ್ತಕದಲ್ಲಿ ಒಂದೊಂದು ಮಾತ್ರೆಗೂ ಲೆಕ್ಕ ಇರಬೇಕು. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಎಣಿಸಿ ವಾಪಸ್ ಪಡೆಯಿರಿ.

ಮನೆಯವರ ಹೆದರಿಕೆಗೂ ಸಮಯ ಕೊಡಬೇಕು. ಇದು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ, ಚಟ ಹತ್ತುತ್ತದೆ ಎಂದು ಅಂಜುತ್ತಾರೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ನಾಲ್ಕು ಗಂಟೆಗೊಮ್ಮೆ ತಪ್ಪದೆ, ಜೊತೆಗೆ ಮಲಬದ್ಧತೆಗೆ ಔಷಧಿಯನ್ನೂ ಸೇರಿಸಿ ಕೊಟ್ಟರೆ ಮನುಷ್ಯ ಎದ್ದು ಕೂರುತ್ತಾನೆ, ಊಟ ಕೇಳುತ್ತಾನೆ. ಅದನ್ನು ಕಂಡ ಮನೆಯವರೇ ಪಕ್ಕದ ಮನೆಗೆ ಹೇಳುತ್ತಾರೆ.

6. ರೋಗಿ ಇರುವಾಗ ಆ ಮನೆಯ ಹಣ ಬೇಡ

ಒತ್ತಾಯ ಮಾಡಿ ಕೊಡಲು ಬಂದರೂ ಬೇಡ. ಕೊಟ್ಟರೆ ಚೆನ್ನಾಗಿ ನೋಡುತ್ತಾರೆ ಎಂಬ ಮಾತು ಒಮ್ಮೆ ಹುಟ್ಟಿದರೆ, ಕೊಡಲಾರದ ಬಡವರು ಫೋನು ಮಾಡುವುದನ್ನೇ ನಿಲ್ಲಿಸುತ್ತಾರೆ. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಸಿಸ್ಟರ್ ಮತ್ತೊಮ್ಮೆ ಆ ಮನೆಗೆ ಹೋಗಿ ಕೂತು ಬರುತ್ತಾರೆ. ಅದು ದುಃಖ ಕೇಳಲು, ಚಂದಾ ಎತ್ತಲು ಅಲ್ಲ. ಮೊದಲ ತಿಥಿಯ ದಿನ ಅನ್ನಸಂತರ್ಪಣೆಯ ಒಂದು ಪಾಲನ್ನು ನಮಗೆ ಕಳಿಸುವ ಮನೆಗಳಿವೆ. ಅದನ್ನು ಕೃತಜ್ಞತೆಯಿಂದ ತೆಗೆದುಕೊಳ್ಳುತ್ತೇವೆ.

7. ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿರಲಿ

ಒಬ್ಬರ ಆರೈಕೆ ಕೈಗೆತ್ತಿಕೊಂಡರೆ ನಡುವೆ ಬಿಡುವಂತಿಲ್ಲ. ಹಾಗಾಗಿ ಆರು ತಿಂಗಳ ಸಂಬಳ, ಪೆಟ್ರೋಲು, ಔಷಧಿಯಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಿ. ಇಬ್ಬರು ಟ್ರಸ್ಟಿಗಳ ಸಹಿಯಿಲ್ಲದೆ ಅದನ್ನು ಮುಟ್ಟಬಾರದು. ಅದು ಮೂರು ತಿಂಗಳಿಗೆ ಇಳಿದರೆ ಮುಚ್ಚಿಡದೆ ಊರವರ ಸಭೆ ಕರೆದು ಪುಸ್ತಕ ಮುಂದಿಡಿ. ನಮ್ಮಲ್ಲಿ ಹಾಗೆ ಇಟ್ಟಾಗ ಮೊದಲು ಎದ್ದು ನಿಂತವರು ಹಿಂದೆ ನಾವು ನೋಡಿಕೊಂಡ ಮನೆಗಳವರು, ಆಮೇಲೆ ಹಮಾಲರ ಸಂಘದವರು.