ಇಂಜೆಕ್ಟರ್ ಬಿಚ್ಚುವ ಮುನ್ನ

ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ನಮ್ಮ ಹೊಸೂರಿನಿಂದ. ಇಲ್ಲಿ ಗಾಡಿ ರಿಪೇರಿ ಕಲಿತ ನಮ್ಮಂಥವರು ಪಳಗಿದ್ದು ಕಾರ್ಬುರೇಟರಿನಲ್ಲಿ. ಜೆಟ್ ಊದಿ, ಸ್ಕ್ರೂ ತಿರುಗಿಸಿ, ಸದ್ದು ಕೇಳಿ ಟ್ಯೂನ್ ಮಾಡುತ್ತಿದ್ದೆವು. 2020ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಯಿತು. ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ಡಿಗೂ ಕಾರ್ಬುರೇಟರ್ ಬದಲು ಇಂಜೆಕ್ಟರ್ ಬಂತು. ಆಮೇಲೆ ನಾನು ಕಲಿತ ದೊಡ್ಡ ಪಾಠ ಇಷ್ಟೇ: ಇಂಜೆಕ್ಟರ್ ತನಗೆ ಹೇಳಿದ್ದನ್ನಷ್ಟೇ ಮಾಡುತ್ತದೆ, ಹಾಗಾಗಿ ಅನುಮಾನ ಅದರ ಮೇಲೆ ಕೊನೆಗೆ ಬರಬೇಕು.

ಇಂಜೆಕ್ಟರಿನೊಳಗೆ ಇರುವುದು ಒಂದು ಕಾಯಿಲ್, ಒಂದು ಸ್ಪ್ರಿಂಗ್, ಒಂದು ಸೂಜಿ ವಾಲ್ವ್. ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಅಲ್ಲಿಗೆ ತಂದು ನಿಲ್ಲಿಸಿರುತ್ತದೆ. ಕಾಯಿಲ್‌ನಲ್ಲಿ ಕರೆಂಟ್ ಹರಿದರೆ ಸೂಜಿ ಕೂದಲೆಳೆಯಷ್ಟು ಮೇಲೆದ್ದು ಪೆಟ್ರೋಲ್ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಕರೆಂಟ್ ನಿಂತರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ. ಪ್ರತಿ ಸಲ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಹೇಳುವುದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್. ಎಕ್ಸಿಲರೇಟರ್ ಎಷ್ಟು ತಿರುಗಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ.

ಒಮ್ಮೆ ಕೆಲಮಂಗಲದ ಕಡೆಯ ಹೂವಿನ ರೈತರೊಬ್ಬರು ಮೊಪೆಡ್ ತಳ್ಳಿಕೊಂಡು ಬಂದರು. "ಇಂಜೆಕ್ಟರ್ ಹೋಗಿದೆಯಂತೆ ಅಣ್ಣ, ಹೊಸದು ಹಾಕ್ಬಿಡಿ" ಅಂದರು. ಕೀ ಆನ್ ಮಾಡಿದೆ. ಪಂಪು ಗುಂಯ್ ಅಂತು. ಗೇಜ್‌ನಲ್ಲಿ ಒತ್ತಡ ಸರಿಯಾಗಿತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ, ಹಿಡಿಗೆ ಕಿವಿಯಿಟ್ಟು, ಹುಡುಗನಿಂದ ಕಿಕ್ ಹೊಡೆಸಿದೆ. ಟಿಕ್ ಟಿಕ್ ಸದ್ದೇ ಇಲ್ಲ. ಕಾಯಿಲ್ ಅಳೆದರೆ ಮೀಟರ್ 12 ಓಮ್ ತೋರಿಸಿತು, ಅಂದರೆ ಕಾಯಿಲ್ ಚೆನ್ನಾಗಿದೆ. ಕನೆಕ್ಟರ್ ಬಿಚ್ಚಿ ನೋಡಿದರೆ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಒದ್ದೆ ಹೂವಿನ ಮೂಟೆಯಿಂದ ಸೋರಿದ ನೀರು ಅಲ್ಲಿಗೆ ಇಳಿದಿತ್ತು. ಕಿಲುಬು ತೆಗೆದು ಕೂರಿಸಿದ ಮೇಲೆ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

ಇಂಜೆಕ್ಟರ್ ಕೆಡುವುದೇ ಇಲ್ಲ ಎಂದಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಅಂಟು ಅದರ ಸಣ್ಣ ತೂತುಗಳನ್ನು ಕಟ್ಟುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆ ತೂತುಗಳಿಗೆ ಪಿನ್ನು ಚುಚ್ಚಲೇಬಾರದು. ಅಲ್ಟ್ರಾಸಾನಿಕ್ ಮೆಷಿನ್‌ನಲ್ಲಿ ತೊಳೆಯಬೇಕು. ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ತಬಹುದು.

ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳುವುದು ಇದೇ ಕ್ರಮ: ಪಂಪು, ವೈರು, ಸೆನ್ಸರ್, ಕೊನೆಗೆ ಇಂಜೆಕ್ಟರ್. ಮೊಪೆಡ್ ನಂಬಿ ಬದುಕುವವರಿಗೆ ಬೇಡದ ಪಾರ್ಟಿನ ಬಿಲ್ಲು ಒಂದು ವಾರದ ದುಡಿಮೆಯನ್ನೇ ನುಂಗಬಹುದು. ಹತ್ತು ನಿಮಿಷ ಹೆಚ್ಚು ಕೂತು ಪರೀಕ್ಷಿಸುವುದು ಅವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.