ಒಂದೂವರೆ ವೋಲ್ಟು ಎಲ್ಲಿ ಹೋಯಿತು?

ಸೇವಂತಿಗೆ ಬೆಳೆಯುವವರಿಗೆ ರಾತ್ರಿಯೇ ದುಡಿಮೆಯ ಹೊತ್ತು. ಸಂಜೆ ಬಿಡಿಸಿದ ಹೂವನ್ನು ಮೂಟೆ ಕಟ್ಟಿ, ನಡುರಾತ್ರಿ ಕಳೆದ ಮೇಲೆ ಚಿಕ್ಕಬಳ್ಳಾಪುರದ ಕಡೆಯಿಂದ ಹೊರಟರೆ ಬೆಳಗಿನ ಜಾವಕ್ಕೆ ಬೆಂಗಳೂರಿನ ಸಿಟಿ ಮಾರ್ಕೆಟ್ಟು. ಹತ್ತಿರ ಹತ್ತಿರ 60 ಕಿಲೋಮೀಟರು. ಒಂದು ಗಂಟೆ ತಡವಾದರೂ ಹೂವಿಗೆ ಕೇಳುವ ದರವೇ ಬೇರೆ. ಹಾಗಾಗಿ ಅಣ್ಣನ ಕಾಲದಿಂದ ನನ್ನ ಕೈಗೆ ಬಂದ ಹಳೇ ಡೀಸೆಲ್ ಪಿಕಪ್ಪು ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದೆ ನಿಂತಾಗ ನನಗೆ ಅಳುವೇ ಬಂದಿತ್ತು. ಕೀ ತಿರುಗಿಸಿದರೆ ಸೆಲ್ಫ್ ಒಮ್ಮೆ ನರಳಿ ಸುಮ್ಮನಾಯಿತು. ಹಮಾಲರು ನಾಲ್ವರು ಕೈಕೊಟ್ಟು ತಳ್ಳಿದರು.

ಬ್ಯಾಟರಿ ಹಳೆಯದಾಗಿದೆ ಅಂದುಕೊಂಡು ಹೊಸದು ಹಾಕಿಸಿದೆ. ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ನರಳಾಟ. ಒಂದು ಅಂಗಡಿಯವರು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ತೋರಿಸಿದರು. "ನೋಡಿ, ಗಾಡಿ ನಿಲ್ಲಲಿಲ್ಲ. ಚಾರ್ಜಿಂಗ್ ಸರಿ ಇದೆ." ಆಗ ನಂಬಿದೆ. ಆದರೆ ನನ್ನ ಗಾಡಿಯಂಥ ಹಳೇ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಸಾಕು, ಓಡಲು ಕರೆಂಟೇ ಬೇಡ. ಪಂಪು ಡೀಸೆಲ್ ಕೊಡುತ್ತಿರುವವರೆಗೆ ಅದು ಓಡುತ್ತಲೇ ಇರುತ್ತದೆ, ಡೈನಮೋ ಇರಲಿ ಬಿಡಲಿ. ಆ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ. ಹಾನಿ ಮಾತ್ರ ಇದೆ. ಬ್ಯಾಟರಿಯ ಆಸರೆ ಇದ್ದಕ್ಕಿದ್ದಂತೆ ತಪ್ಪಿದರೆ ಡೈನಮೋದ, ಅಂದರೆ ಆಲ್ಟರ್ನೇಟರಿನ, ವೋಲ್ಟೇಜು ಒಂದು ಕ್ಷಣ ಚಿಮ್ಮಿ ಒಳಗಿನ ಡಯೋಡುಗಳನ್ನು ಸುಟ್ಟುಬಿಡಬಹುದು. ಯಾರಾದರೂ ನಿಮ್ಮ ಗಾಡಿಗೆ ಹೀಗೆ ಮಾಡಲು ಹೊರಟರೆ ಕೈ ಹಿಡಿದು ತಡೆಯಿರಿ.

ಎರಡನೇ ಅಂಗಡಿಯಲ್ಲಿ ಡೈನಮೋ ಇಳಿಸಿ ಕಾರ್ಬನ್ ಬ್ರಷ್, ವೋಲ್ಟೇಜು ಹತೋಟಿಯಲ್ಲಿಡುವ ಕಟೌಟ್ ಎರಡೂ ಬದಲಿಸಿದರು. ಫ್ಯಾನ್ ಬೆಲ್ಟ್ ಬಿಗಿ ಮಾಡಿದರು. ಮೀಟರ್ ಇಟ್ಟು ನೋಡಿದಾಗ ಬ್ಯಾಟರಿಯಲ್ಲಿ 13.8 ವೋಲ್ಟು. ಅದು ಸರಿಯಾದ ಅಂಕಿಯೇ. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದು, ಗಾಡಿ ಕೆಲವು ಗಂಟೆ ನಿಂತಿದ್ದರೆ ಸುಮಾರು 12.6 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ ಅಂತ ತಿಳಿಯಬಹುದು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. 15 ದಾಟಿದರೆ ಬ್ಯಾಟರಿಯ ನೀರು ಕುದಿದು ಆರಿಹೋಗುತ್ತದೆ, ಬಲ್ಬುಗಳು ಒಂದೊಂದಾಗಿ ಹೋಗುತ್ತವೆ. ಇಷ್ಟನ್ನು ನಾನೂ ಆ ಹೊತ್ತಿಗೆ ಕಲಿತಿದ್ದೆ. ಕಲಿಯದೆ ಇದ್ದದ್ದು ಒಂದೇ. ಆ 13.8 ಹಗಲು ಹನ್ನೊಂದು ಗಂಟೆಯ ಅಂಕಿ. ನನ್ನ ಗಾಡಿ ಓಡುವುದು ರಾತ್ರಿ.

ಮುಂದಿನ ವಾರವೇ ದೇವನಹಳ್ಳಿ ಹತ್ತಿರ ಮಳೆ ಹಿಡಿಯಿತು. ಹೆಡ್‌ಲೈಟು, ವೈಪರು, ಗಾಜಿನ ಮಂಜು ಬಿಡಿಸಲು ಬ್ಲೋವರು ಎಲ್ಲ ಹಾಕಿದೆ. ಬೆಳಕು ಹಳದಿಗೆ ತಿರುಗಿತು. ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ಮೇಲೆ ಕಣ್ಣು ಬಿತ್ತು. ಅದು ಉರಿಯುತ್ತಿತ್ತು ಅನ್ನಲಾಗದು, ಆರಿತ್ತು ಅನ್ನಲೂ ಆಗದು. ಬೂದಿ ಮುಚ್ಚಿದ ಕೆಂಡದ ಹಾಗೆ ಮಬ್ಬು ಕೆಂಪು. ಅಂಗೈ ಅಡ್ಡ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು.

ನಮ್ಮ ಊರಿನ ಪಕ್ಕದಲ್ಲಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಈ ಮಬ್ಬು ದೀಪದ ಮಾತು ಹೇಳುತ್ತಿದ್ದಂತೆ ಅವರು ಕಾಫಿ ಲೋಟ ಕೆಳಗಿಟ್ಟರು.

"ಲೈಟ್ ಆರಿಸಿದ್ರೆ ಆ ದೀಪಾನೂ ಆರತ್ತೇನಪ್ಪಾ?"

"ಹೌದಣ್ಣ, ಆರತ್ತೆ."

"ಹಂಗಾದ್ರೆ ಡೈನಮೋ ಚೆನ್ನಾಗಿದೆ. ದಾರೀಲಿ ಯಾರೋ ತಿಂತಾವ್ರೆ. ಕತ್ತಲಾದ ಮೇಲೆ ಗಾಡಿ ತಗೊಂಡ್ಬಾ."

ಆ ಸಂಜೆ ಕಲಿತದ್ದನ್ನು ವಿವರವಾಗಿ ಬರೆಯಬೇಕು. ನನ್ನ ಗಾಡಿಯ ಬ್ಯಾಟರಿ ದೀಪದ ಒಂದು ತುದಿಗೆ ಕೀ ಮೂಲಕ ಬ್ಯಾಟರಿಯ ವೋಲ್ಟೇಜು ಬರುತ್ತದೆ, ಇನ್ನೊಂದು ತುದಿಗೆ ಡೈನಮೋದ್ದು. ಎರಡೂ ಸಮವಾದರೆ ದೀಪ ಆರುತ್ತದೆ. ಮಬ್ಬಾಗಿ ಉರಿಯಿತು ಅಂದರೆ ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಉಳಿದಿದೆ ಅಂತ ಅರ್ಥ. ಎಷ್ಟೋ ರಾತ್ರಿಗಳಿಂದ ಗಾಡಿ ನನಗೆ ಅದನ್ನೇ ಹೇಳುತ್ತಿತ್ತು.

ಎಂಜಿನ್ ಚಾಲೂ ಇಟ್ಟು, ಲೈಟು, ಬ್ಲೋವರು, ವೈಪರು ಎಲ್ಲ ಹಾಕಿ, ಅವರು ಮೊದಲು ಡೈನಮೋದ ಮೇಲೇ ಮೀಟರ್ ಇಟ್ಟರು. 14.3. ಬ್ಯಾಟರಿಯ ಎರಡು ಕಂಬಗಳ ಮೇಲೆ ಇಟ್ಟರು. 12.7. ನಡುವೆ 1.6 ವೋಲ್ಟು ಮಾಯ. ಆಮೇಲೆ ಮಾಡಿದ ಕೆಲಸ ನಾನು ಎಲ್ಲೂ ನೋಡಿರಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಡೈನಮೋದ ಬಾಡಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇಟ್ಟರು. 0.1. ಅರ್ಥ್ ಸರಿಯಿದೆ. ನಂತರ ಡೈನಮೋದಿಂದ ದಪ್ಪ ವೈರು ಹೊರಡುವ ಬೋಲ್ಟಿಗೂ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇಟ್ಟರು. 1.5. ಒಂದೇ ವೈರಿನ ಎರಡು ತುದಿಗಳ ನಡುವೆ ಒಂದೂವರೆ ವೋಲ್ಟು. ಅಲ್ಲಿ ಇರಬೇಕಾದದ್ದು ಹೆಚ್ಚೆಂದರೆ 0.2, 0.3.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಅವರು ಆ ವೈರಿಗೆ ಸ್ಪ್ಯಾನರ್ ಹಾಕಿದ್ದು. ಡೈನಮೋದ ಆ ಬೋಲ್ಟಿನಲ್ಲಿ ಗಾಡಿ ನಿಂತಾಗಲೂ ಬ್ಯಾಟರಿಯ ಕರೆಂಟು ಇರುತ್ತದೆ, ಸ್ಪ್ಯಾನರ್ ಎಂಜಿನ್ನಿಗೆ ತಾಗಿದರೆ ಬೆಂಕಿ ಕಿಡಿ. ಹೊರಗಿನಿಂದ ವೈರು ಚೆನ್ನಾಗಿಯೇ ಕಾಣುತ್ತಿತ್ತು. ತುದಿಯ ಲಗ್ಗಿನ ಹತ್ತಿರ ಸ್ಲೀವು ಸ್ವಲ್ಪ ಗಟ್ಟಿಯಾಗಿ, ಕಂದಾಗಿತ್ತು ಅಷ್ಟೆ. ಬ್ಲೇಡಿನಿಂದ ಸೀಳಿದಾಗ ಒಳಗೆ ಪೂರ್ತಿ ಕಿಲುಬು. ಅಜ್ಜಿಯ ಕಾಲದ ತಾಮ್ರದ ತಂಬಿಗೆಯ ತಳದಲ್ಲಿ ಕಾಣುವ ಅದೇ ಹಸಿರು. ಎಳೆಗಳು ಬೆರಳಿಗೆ ಪುಡಿಯಾಗಿ ಉದುರಿದವು. ಲಗ್ಗಿಗೆ ನಿಜಕ್ಕೂ ಅಂಟಿಕೊಂಡಿದ್ದವು ಏಳೆಂಟು ಎಳೆ.

ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ರಾತ್ರಿ 20 ಆಂಪಿಯರ್ ಹರಿಯುತ್ತದೆ ಅಂದುಕೋ. 1.5 ವೋಲ್ಟಿನಿಂದ ಗುಣಿಸಿದರೆ 30 ವಾಟ್. ಇಂಡಿಕೇಟರ್ ಬಲ್ಬು 21 ವಾಟಿನದು. ಅದಕ್ಕಿಂತ ಹೆಚ್ಚಿನ ಬಿಸಿ ದಿನಾ ರಾತ್ರಿ ಈ ಬೆರಳುದ್ದದ ಜಾಗದಲ್ಲಿ. ಹಗಲಿನಲ್ಲಿ ಲೈಟಿಲ್ಲದೆ 6 ಆಂಪಿಯರ್ ಹರಿದರೆ ಕಳೆದುಹೋಗುವುದು ಅರ್ಧ ವೋಲ್ಟಿಗೂ ಕಡಿಮೆ. 13.8 ಬಂದದ್ದು ಹಾಗೆ. ಕಟೌಟ್ ಡೈನಮೋದ ಒಳಗೇ ಕೂತು ಅಲ್ಲಿನ 14.3 ಅನ್ನೇ ನೋಡುತ್ತದೆ, ಬ್ಯಾಟರಿಯ ಹಸಿವು ಅದಕ್ಕೆ ಕಾಣುವುದಿಲ್ಲ.

ಬ್ಯಾಟರಿಗೂ ಡೈನಮೋಗೂ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಎರಡು ಬೆಳೆಯ ಗೊಬ್ಬರ ಬರುತ್ತಿತ್ತು. ಹೊಸ ವೈರು, ಎರಡು ಲಗ್ಗು, ಮೇಲೆ ಸ್ವಲ್ಪ ವ್ಯಾಸಲೀನು. ಅವರು ಕೂಲಿ ತೆಗೆದುಕೊಳ್ಳಲಿಲ್ಲ, ಒಂದು ಮೊಳ ಹೂ ಸಾಕು ಅಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು. ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾದರೆ ತಪ್ಪು ಅರ್ಥಿನದು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಚಾಸಿಗೂ ಅದಕ್ಕೂ ನಡುವಿನ ಪಟ್ಟಿ ಹೋದರೆ ಸೆಲ್ಫಿನ ಕರೆಂಟು ಸಿಕ್ಕ ಸಿಕ್ಕ ಕೇಬಲ್ ಹಿಡಿದು ವಾಪಸ್ ಬರುತ್ತದೆ. ಆ ಪಟ್ಟಿಯನ್ನೂ ಅಂದೇ ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆವು. ಮತ್ತೆ ಮೀಟರ್ ಇಟ್ಟಾಗ ಬ್ಯಾಟರಿಯ ಮೇಲೆ 14.1, ಎಲ್ಲ ಲೈಟು ಉರಿಯುತ್ತಿರುವಾಗಲೇ.

ಅದೇ ರಾತ್ರಿ ಹೂ ಹೇರಿಕೊಂಡು ಹೊರಟೆ. ಪಕ್ಕದಲ್ಲಿ ಅಣ್ಣನ ಮಗ ನಿದ್ದೆಗಣ್ಣಲ್ಲಿ ಕೂತಿದ್ದ. ದೇವನಹಳ್ಳಿ ದಾಟುವಾಗ ಬ್ಲೋವರು, ವೈಪರು ಎಲ್ಲ ಹಾಕಿ, ಡ್ಯಾಶ್‌ಬೋರ್ಡಿಗೆ ಅಂಗೈ ಅಡ್ಡ ಹಿಡಿದು ಬಗ್ಗಿ ನೋಡಿದೆ. ದೀಪ ಇದ್ದ ಜಾಗ ಕಪ್ಪಗಿತ್ತು.

"ಏನ್ ಚಿಕ್ಕಪ್ಪಾ ನೋಡ್ತಿದ್ದೀಯ?" ಅಂದ.

"ಏನಿಲ್ಲ, ಮಲಕ್ಕೋ," ಅಂದೆ.